ಒಂದು ಸಂದಿ, ನೂರೆಂಟು ಹೆಸರು

ನ್ಯೂಕಾಸಲ್ ನಗರದ ನ್ಯಾಯಾಲಯದಲ್ಲಿ ನಡೆಯಿತೆಂದು ಉತ್ತರ ಇಂಗ್ಲೆಂಡಿನ ಹಳೆಯ ಪದಕೋಶಗಳು ನಗುನಗುತ್ತ ಹೇಳುವ ಒಂದು ಪ್ರಸಂಗವಿದೆ. ಸಾಕ್ಷಿಕಟ್ಟೆ ಏರಿದ ಊರಿನವನೊಬ್ಬ ಪ್ರಮಾಣ ಮಾಡಿ, ಚೇರ್‌ನ ಪಾದದೊಳಗಿಂದ ಮೂವರು ಗಂಡಸರು ಹೊರಗೆ ಬಂದದ್ದನ್ನು ಕಣ್ಣಾರೆ ಕಂಡೆ ಎಂದನಂತೆ. ಹೊರಗಿನಿಂದ ಬಂದಿದ್ದ ನ್ಯಾಯಾಧೀಶರ ಕಿವಿಗೆ ಬಿದ್ದದ್ದು ಕುರ್ಚಿ. ಕುರ್ಚಿಯ ಕಾಲಿನೊಳಗಿಂದ ಮೂವರು ಗಂಡಸರು! ಇವನಿಗೆ ತಲೆ ಕೆಟ್ಟಿದೆ, ಇವನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಅವರು ಜ್ಯೂರಿಗೆ ಸೂಚಿಸಿಬಿಟ್ಟರು. ಆಗ ಜ್ಯೂರಿಯ ಮುಖಂಡ ಎದ್ದು ನಿಂತು ಬಿಡಿಸಿ ಹೇಳಬೇಕಾಯಿತು: ಸ್ವಾಮಿ, ನಮ್ಮೂರಲ್ಲಿ ಚೇರ್ ಅಂದರೆ ಇಕ್ಕಟ್ಟಿನ ಓಣಿ, ಪಾದ ಅಂದರೆ ಅದು ಕೆಳಕ್ಕಿಳಿದು ಮುಗಿಯುವ ತುದಿ, ಸಾಕ್ಷಿಗೆ ಹುಚ್ಚು ಹಿಡಿದಿಲ್ಲ.

ಅದೇ ದೇಶ, ಅದೇ ಭಾಷೆ, ಇಬ್ಬರೂ ಹುಟ್ಟಿನಿಂದ ಇಂಗ್ಲಿಷ್ ಆಡಿದವರೇ. ಆದರೂ ಎರಡು ಗೋಡೆಗಳ ನಡುವಿನ ಒಂದು ಸಂದಿಯ ಹೆಸರು ಅವರನ್ನು ಪೂರ್ತಿ ಪರಕೀಯರನ್ನಾಗಿ ಮಾಡಿತ್ತು. ನಮಗೆ ಶಾಲೆಯಲ್ಲಿ ಕಲಿಸಿದ್ದು ಏನು? ಆ್ಯಲಿ ಅಂದರೆ ಓಣಿ, ಸಮಾನಾರ್ಥಕ ಪದಗಳು ಲೇನ್, ಪ್ಯಾಸೇಜ್. ಮೂರು ಪದ ಬರೆದರೆ ಮೂರು ಅಂಕ, ಕಥೆ ಮುಗಿಯಿತು. ಮುಗಿಯುವುದೆಲ್ಲಿಂದ ಬಂತು! ಆ ಮೂರು ಪದಗಳ ಹಿಂದೆ ಒಂದು ಇಡೀ ದ್ವೀಪ ಗಿಜಿಗುಡುತ್ತಿದೆ.

ಕೇಳಿ. ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಅದು ಗಿನ್ನೆಲ್. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಶೆಫೀಲ್ಡಿಗೆ ಬಂದರೆ ‘ಗ’ ಕರಗಿ ‘ಜ’ ಆಗಿ ಜೆನ್ನೆಲ್. ಯಾರ್ಕ್‌ಷೈರಿನ ಹಲವೆಡೆ ಸ್ನಿಕೆಟ್. ನಾಟಿಂಗ್‌ಹ್ಯಾಮಿನಲ್ಲಿ ಟ್ವಿಚೆಲ್, ಪಕ್ಕದ ಲೆಸ್ಟರ್‌ನಲ್ಲಿ ಜಿಟ್ಟಿ. ದಕ್ಷಿಣದ ಸಸೆಕ್ಸ್‌ಗೆ ಹೋದರೆ ಟ್ವಿಟ್ಟನ್. ಲೂಯಿಸ್ ಪಟ್ಟಣದ ಗುಡ್ಡದಿಂದ ಕೆಳಗಿಳಿಯುವ ಟ್ವಿಟ್ಟನ್‌ಗಳನ್ನು ನೋಡಲೆಂದೇ ಜನ ಹೋಗುತ್ತಾರೆ. ನಾರ್ಫೋಕಿನಲ್ಲಿ ಲೋಕ್. ಡೆವನ್ ಕಡೆ ಡ್ರ್ಯಾಂಗ್. ಲಿವರ್‌ಪೂಲ್‌ನಲ್ಲಿ ಜಿಗರ್, ಹೌದು, ನಮ್ಮ ಹಿಂದಿ ಸಿನಿಮಾದ ಜಿಗರ್‌ನಂತೆಯೇ ಕೇಳಿಸುತ್ತದೆ! ಹಲ್ ನಗರದವರು ಕವಿತೆಯ ಗೊಡವೆಗೇ ಹೋಗದೆ ಅಳತೆಪಟ್ಟಿ ಹಿಡಿದು ಹೆಸರಿಟ್ಟರು. ಮನೆಗಳ ಹಿಂದಿನ ಓಣಿ ಹತ್ತು ಅಡಿ ಅಗಲವೇ? ಹಾಗಾದರೆ ಅದು ಟೆನ್‌ಫುಟ್. ಲೋವೆಸ್ಟಾಫ್ಟ್‌ನಲ್ಲಿ ಎತ್ತರದ ಹೈ ಸ್ಟ್ರೀಟಿನಿಂದ ಸಮುದ್ರದ ಕಡೆಗೆ ಇಳಿಯುವ ಕಿರುದಾರಿಗಳು ಸ್ಕೋರ್‌ಗಳು. ನ್ಯೂಕಾಸಲ್‌ನಲ್ಲಿ ಆಗಲೇ ನೋಡಿದ ಚೇರ್. ಅವುಗಳ ಪೈಕಿ ಗಾಡಿಯೊಂದು ನುಗ್ಗುವಷ್ಟು ಅಗಲವಿದ್ದ ಭಾಗ್ಯಕ್ಕೆ ಒಂದಕ್ಕೆ ಬ್ರಾಡ್ ಚೇರ್ ಎಂದೇ ಹೆಸರಾಯಿತು. 1854ರ ಮಹಾ ಬೆಂಕಿಯಲ್ಲಿ ನದಿದಂಡೆಯ ಎಷ್ಟೋ ಚೇರ್‌ಗಳು ನಾಶವಾದವು, ಪದ ಮಾತ್ರ ಇಂದಿಗೂ ಬೀದಿಫಲಕದ ಮೇಲಿದೆ.

ಇವೆಲ್ಲ ಬರೀ ಉಚ್ಚಾರದ ಮೋಜು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು, ಒಂದೊಂದು ಪದದ ಬೇರನ್ನು ಸುಮ್ಮನೆ ಕೆದಕಲು ಕೂತೆ. ಕೆದಕಿದಷ್ಟೂ ಕೆಳಗೆ ಬೇರೆಯೇ ಒಂದು ಲೋಕ. ಆ್ಯಲಿ ಎಂಬುದು ಫ್ರೆಂಚಿನ ‘ಹೋಗು’ ಕ್ರಿಯಾಪದದ ಕೂಸು. ಅಂದರೆ ಅದು ಮೂಲತಃ ಜಾಗವೇ ಅಲ್ಲ, ಒಂದು ನಡಿಗೆ. ಸ್ಕಾಟ್ಲೆಂಡಿನ ವೆನಲ್ ಕೂಡ ಫ್ರಾನ್ಸಿನಿಂದ ಬಂದದ್ದೇ, ಅದರ ಮೂಲ ಲ್ಯಾಟಿನ್‌ನ ರಕ್ತನಾಳ. ಊರಿನ ಮೈಯಲ್ಲಿ ಹರಿಯುವ ಪುಟ್ಟ ನಾಳ! ಅಲ್ಲಿನದೇ ಇನ್ನೊಂದು ಹೆಸರು ವೈಂಡ್ ತಿರುವಿನಿಂದ ಬಂತು, ಚೇರ್ ಕೂಡ ತಿರುಗುವುದಕ್ಕೆ ಸಂಬಂಧಿಸಿದ್ದೆಂದೇ ಹೇಳುತ್ತಾರೆ. ಗಿನ್ನೆಲ್ ಬಹುಶಃ ಚಾನೆಲ್‌ನ ಸವೆದ ರೂಪ, ನೀರು ಹರಿಯುವ ಕಾಲುವೆ. ಸಸೆಕ್ಸಿನ ಟ್ವಿಟ್ಟನ್‌ಗೆ ಉತ್ತರ ಸಮುದ್ರದ ಆಚೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಬ್ಬ ದಾಯಾದಿಯಿದ್ದಾನೆ. ಅಲ್ಲಿನ ಸಂದಿಗಳ ಹೆಸರು ಟ್ವೀಟೆ. ಸ್ನಿಕೆಟ್ ಎಲ್ಲಿಂದ ಬಂತು ಎಂಬುದಕ್ಕೆ ದೊಡ್ಡ ದೊಡ್ಡ ನಿಘಂಟುಗಳೂ ಕೈಚೆಲ್ಲಿವೆ. ಅನಾಥ ಪದ, ಆದರೆ ಯಾರ್ಕ್‌ಷೈರಿನ ಪ್ರತಿ ಮಗುವಿನ ಬಾಯಲ್ಲೂ ಇದೆ.

ಇಷ್ಟಕ್ಕೇ ಬೆರಗಾಗಿದ್ದವನನ್ನು ನಿಜವಾಗಿ ತಬ್ಬಿಬ್ಬು ಮಾಡಿದ್ದು ಮುಂದಿನದು. ಎಡಿನ್‌ಬರೋ ನಗರದಲ್ಲಿ ಇಂಥ ಸಂದಿಯನ್ನು ಕ್ಲೋಸ್ ಎನ್ನುತ್ತಾರೆ, ಅಂದರೆ ಮುಚ್ಚಿದ್ದು. ಅದೇ ದ್ವೀಪದ ನೈಋತ್ಯದ ತುದಿಯಲ್ಲಿ, ಕಾರ್ನ್‌ವಾಲ್‌ನ ಫಾಲ್ಮತ್ ಬಂದರಿನಲ್ಲಿ, ಬೀದಿಯಿಂದ ನೀರಿನ ಕಡೆಗೆ ಇಳಿಯುವ ಅಂಥದೇ ಸಂದಿಯ ಹೆಸರು ಓಪ್, ಅಂದರೆ ತೆರೆದದ್ದು! ಒಂದೇ ವಸ್ತು. ಎರಡು ಗೋಡೆ, ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಉತ್ತರದವರು ಅದನ್ನು ಮುಚ್ಚಿದ್ದು ಎಂದರು, ದಕ್ಷಿಣದವರು ತೆರೆದದ್ದು ಎಂದರು, ಎರಡೂ ಸಮಾನಾರ್ಥಕ ಪದಗಳಾಗಿ ಒಂದೇ ಸಾಲಿನಲ್ಲಿ ಕೂತಿವೆ! ವಿರುದ್ಧಪದಗಳೇ ಸಮಾನಪದಗಳಾದ ಇಂಥ ಜೋಡಿ ಇನ್ನೆಲ್ಲಾದರೂ ಇದ್ದೀತೇ? ಇಷ್ಟು ಸಾಲದೆಂಬಂತೆ ಶ್ರೂಸ್‌ಬರಿ ಪಟ್ಟಣದವರು ತಮ್ಮ ಸಂದಿಗಳನ್ನು ಷಟ್ ಎನ್ನುತ್ತಾರೆ. ಹಾಗಾದರೆ ಅದೂ ಮುಚ್ಚಿದ್ದೇ ಎಂದು ನೀವು ತಲೆಯಾಡಿಸುವಷ್ಟರಲ್ಲಿ ಅವರು ನಕ್ಕು, ಅಲ್ಲ ಅಲ್ಲ, ಈ ಬೀದಿಯಿಂದ ಆ ಬೀದಿಗೆ ಶೂಟ್ ಆಗಿ ತೂರಿಕೊಂಡು ಹೋಗುವ ಅಡ್ಡದಾರಿ, ಅದಕ್ಕೇ ಷಟ್ ಎನ್ನುತ್ತಾರೆ. ಮುಚ್ಚಿದ್ದು ಎಂದು ಕೇಳಿಸುವ ಪದಕ್ಕೆ ಎರಡೂ ಕಡೆ ತೆರೆದದ್ದು ಎಂದು ಅರ್ಥ!

ಇದು ಬರೀ ಪದದ ಕಸರತ್ತಲ್ಲ ಎಂಬುದು ತಿಳಿಯಬೇಕಾದರೆ ಎಡಿನ್‌ಬರೋದ ಹಳೆ ಪಟ್ಟಣದ ನಕ್ಷೆಯನ್ನು ಮುಂದೆ ಹರಡಿಕೊಳ್ಳಬೇಕು. ಮೇಲೆ ಬೆಟ್ಟದ ತುದಿಯಲ್ಲಿ ಕೋಟೆ, ಕೆಳಗೆ ಹಾಲಿರೂಡ್ ಅರಮನೆ, ಎರಡನ್ನೂ ಸೇರಿಸುವ ದಿಬ್ಬದ ನೆತ್ತಿಯ ಮೇಲೆ ರಾಯಲ್ ಮೈಲ್ ಎಂಬ ಹೆದ್ದಾರಿ. ಆ ದಾರಿಯ ಎಡಕ್ಕೂ ಬಲಕ್ಕೂ ಮೀನಿನ ಬೆನ್ನೆಲುಬಿನಿಂದ ಮುಳ್ಳು ಹೊರಟ ಹಾಗೆ ಸಾಲುಸಾಲಾಗಿ ಸಂದಿಗಳು, ಎಲ್ಲವೂ ಕಡಿದಾಗಿ ಕೆಳಕ್ಕೆ. ಆ ಮುಳ್ಳುಗಳಲ್ಲಿ ಒಂದು ಕ್ಲೋಸ್, ಇನ್ನೊಂದು ವೈಂಡ್, ಮತ್ತೊಂದು ಪೆಂಡ್. ಹೊರಗಿನವನಿಗೆ ಎಲ್ಲವೂ ಒಂದೇ. ಅಲ್ಲಿನವನಿಗೆ? ಕ್ಲೋಸ್ ಎಂದರೆ ಖಾಸಗಿ, ಒಳಗಿನ ಮನೆಗಳವರಿಗೆ ಸೇರಿದ್ದು, ರಾತ್ರಿ ಬಾಗಿಲು ಹಾಕಿ ಬೀಗ ಜಡಿಯಬಹುದಾದದ್ದು. ಆ ಹೆಸರು ಬಂದದ್ದೇ ಹಾಗೆ. ವೈಂಡ್ ಎಂದರೆ ಸಾರ್ವಜನಿಕ ದಾರಿ, ಯಾರು ಬೇಕಾದರೂ ಹಾಯ್ದುಹೋಗಬಹುದು. ಪೆಂಡ್ ಎಂದರೆ ನೆತ್ತಿಯ ಮೇಲೆ ಕಮಾನಿದೆ, ಕಟ್ಟಡವೇ ತಲೆಯ ಮೇಲೆ ನೇತಾಡುತ್ತಿದೆ. ಹೆಸರು ಕೇಳಿದ ಕೂಡಲೆ ಅಲ್ಲಿನವನಿಗೆ ಗೊತ್ತು: ನಾನು ಒಳಗೆ ಹೋಗಬಹುದೋ ಇಲ್ಲವೋ, ರಾತ್ರಿ ಹೊರಬರಲಾದೀತೋ ಇಲ್ಲವೋ, ಮಳೆ ಬಂದರೆ ನೆನೆಯುತ್ತೇನೋ ಇಲ್ಲವೋ. ಅಯ್ಯೋ, ಇದನ್ನೆಲ್ಲ ನಾವು ‘ಓಣಿ, ಸಂದಿ’ ಎಂದು ಎರಡು ಪದದಲ್ಲಿ ಅನುವಾದಿಸಿ ಮುಂದೆ ಹೋಗಿಬಿಡುತ್ತೇವಲ್ಲ!

ಆ ಕ್ಲೋಸ್‌ಗಳ ಹೆಸರುಗಳನ್ನೇ ಓದುತ್ತ ಹೋಗಿ, ಒಂದು ಕಾಲದ ಸಂತೆ ಕಣ್ಣೆದುರು ನೆರೆಯುತ್ತದೆ. ಓಲ್ಡ್ ಫಿಶ್‌ಮಾರ್ಕೆಟ್ ಕ್ಲೋಸ್, ಮೀನು. ಫ್ಲೆಶ್‌ಮಾರ್ಕೆಟ್ ಕ್ಲೋಸ್, ಮಾಂಸ. ಶುಗರ್‌ಹೌಸ್ ಕ್ಲೋಸ್, ಸಕ್ಕರೆ. ಬೇಕ್‌ಹೌಸ್ ಕ್ಲೋಸ್, ರೊಟ್ಟಿ. ಅಡ್ವೊಕೇಟ್ಸ್ ಕ್ಲೋಸ್‌ನಲ್ಲಿ 17ನೇ ಶತಮಾನದ ಕೊನೆಯ ಹೊತ್ತಿಗೆ ಸ್ಕಾಟ್ಲೆಂಡಿನ ಲಾರ್ಡ್ ಅಡ್ವೊಕೇಟ್ ಆಗಿದ್ದ ಸರ್ ಜೇಮ್ಸ್ ಸ್ಟುವರ್ಟ್ ವಾಸವಾಗಿದ್ದ. ಇನ್ನು ಮೇರಿ ಕಿಂಗ್ಸ್ ಕ್ಲೋಸ್‌ನದು ಎಲ್ಲಕ್ಕಿಂತ ವಿಚಿತ್ರ ಕಥೆ. ಮೇರಿ ಕಿಂಗ್ ರಾಣಿಯೂ ಅಲ್ಲ, ಸಂತಳೂ ಅಲ್ಲ. 17ನೇ ಶತಮಾನದಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ವಿಧವೆ. ಗಂಡಸರ ಹೆಸರೇ ತುಂಬಿದ್ದ ಕಾಲದಲ್ಲಿ ಒಂದು ಓಣಿಗೆ ಅವಳ ಹೆಸರು ಅಂಟಿತು. 1753ರಲ್ಲಿ ರಾಯಲ್ ಎಕ್ಸ್‌ಚೇಂಜ್ ಎಂಬ ವರ್ತಕರ ಕಟ್ಟಡ ಕಟ್ಟಲು ಶುರುಮಾಡಿದಾಗ ಆ ಸಂದಿಯ ಮನೆಗಳ ಮೇಲಂತಸ್ತುಗಳನ್ನು ಕೆಡವಿ, ಕೆಳಗಿನ ಅಂತಸ್ತುಗಳನ್ನು ಹಾಗೇ ಅಡಿಪಾಯವಾಗಿ ಬಳಸಿಕೊಂಡರು. ಊಹಿಸಿಕೊಳ್ಳಿ! ಒಂದು ಓಣಿ, ಅದರ ಬಾಗಿಲು, ಕಿಟಕಿ, ಒಲೆಗಳ ಸಮೇತ ಕಟ್ಟಡದ ಹೊಟ್ಟೆಯೊಳಗೆ ಉಳಿದುಹೋಯಿತು. ಇವತ್ತು ಟಿಕೆಟ್ ಕೊಂಡು ಕೆಳಗಿಳಿದರೆ, ಆಕಾಶ ಕಾಣಬೇಕಾದ ಕಡೆ ಕಲ್ಲಿನ ಕಮಾನು ಕಾಣುತ್ತದೆ, ಕಾಲಕೆಳಗೆ ಮಾತ್ರ ಹಳೆಯ ಓಣಿಯ ಅದೇ ಇಳಿಜಾರು.

ಒಂದು ಪದದ ಬದಲಿಗೆ ಅದರ ಸಮಾನಾರ್ಥಕವನ್ನು ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಇದೇ ಊರಿನಲ್ಲಿ ಸಾಕ್ಷಿಯಿದೆ. ಪತ್ತೇದಾರಿ ಕಾದಂಬರಿಗಳ ಇಯಾನ್ ರ‍್ಯಾಂಕಿನ್ 2004ರಲ್ಲಿ ‘ಫ್ಲೆಶ್‌ಮಾರ್ಕೆಟ್ ಕ್ಲೋಸ್’ ಎಂಬ ಕಾದಂಬರಿ ಬರೆದರು. ಅಮೆರಿಕದಲ್ಲಿ ಅದೇ ಪುಸ್ತಕ ಅಂಗಡಿಗೆ ಬಂದಾಗ ಹೆಸರು ‘ಫ್ಲೆಶ್‌ಮಾರ್ಕೆಟ್ ಆ್ಯಲಿ’! ಕ್ಲೋಸ್ ಎಂದರೆ ಅಮೆರಿಕನ್ನರಿಗೆ ಸಂದಿ ಹೊಳೆಯುವುದಿಲ್ಲವಲ್ಲ, ಅದಕ್ಕೆ. ನಿಜವಾಗಿ ಭೂಮಿಯ ಮೇಲಿರುವ ಒಂದು ಜಾಗದ ಹೆಸರನ್ನೇ ಸಾಗರ ದಾಟುವಾಗ ಬದಲಿಸಿಬಿಟ್ಟರು. ಅರ್ಥವೇನೋ ತಲುಪಿರಬೇಕು. ಆದರೆ ಎಡಿನ್‌ಬರೋಗೆ ಹೋಗಿ ಫ್ಲೆಶ್‌ಮಾರ್ಕೆಟ್ ಆ್ಯಲಿ ಎಲ್ಲಿ ಎಂದು ಕೇಳುವ ಓದುಗನಿಗೆ ಆ ಫಲಕ ಎಲ್ಲೂ ಸಿಗದು.

ಅಲ್ಲಿಂದ ಒಂದು ಗಂಟೆಯ ರೈಲು ಪ್ರಯಾಣ, ಗ್ಲಾಸ್ಗೊ. ಅಲ್ಲೂ ಕ್ಲೋಸ್ ಇದೆ, ಆದರೆ ಅದು ಓಣಿಯೇ ಅಲ್ಲ! ಬಹುಮಹಡಿ ವಠಾರದ ಬೀದಿಬಾಗಿಲಿನಿಂದ ಮೆಟ್ಟಿಲವರೆಗಿನ, ಎಲ್ಲ ಮನೆಗಳಿಗೂ ಸೇರಿದ ಒಳದಾರಿ. ಅದರಲ್ಲೂ ಅಂತಸ್ತಿನ ಲೆಕ್ಕವಿದೆ: ಗೋಡೆಗೆ ಹೊಳಪಿನ ಪಿಂಗಾಣಿ ಹೆಂಚು ಹಚ್ಚಿದ್ದರೆ ಅದು ‘ವಾಲಿ ಕ್ಲೋಸ್’, ಅಲ್ಲಿರುವವರು ಸ್ವಲ್ಪ ಮೇಲಿನವರು. ಬರೀ ಸುಣ್ಣ ಬಣ್ಣ ಬಳಿದ ಕ್ಲೋಸ್‌ನವರು ಹೆಂಚಿನ ಕ್ಲೋಸ್‌ನವರ ಬಗ್ಗೆ ಮೂಗು ಮುರಿದದ್ದು ಎಷ್ಟೋ! ಇಂಗ್ಲೆಂಡಿನ ಬಡಾವಣೆಗಳಲ್ಲಂತೂ ಕ್ಲೋಸ್ ಎಂದರೆ ಮರಗಿಡ, ಕಾರು ನಿಲ್ಲಿಸಲು ಜಾಗ ಇರುವ ಅಚ್ಚುಕಟ್ಟಾದ ಕುರುಡುಬೀದಿ. ಒಂದೇ ಪದ, ಮೂರು ಊರು, ಮೂರು ಬದುಕು.

ಅಗಲದ ಮಾತಿಗೆ ಬರೋಣ, ಏಕೆಂದರೆ ಇಲ್ಲಿ ನನ್ನ ಉಸಿರು ನಿಜಕ್ಕೂ ಕಟ್ಟಿತು. ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್, ಡಿಕನ್ಸ್ ತನ್ನ ‘ಡೇವಿಡ್ ಕಾಪರ್‌ಫೀಲ್ಡ್’ನಲ್ಲಿ ಪೆಗಾಟಿಯ ಮನೆಮಂದಿಯನ್ನು ಇರಿಸಿದ ಊರು. ಅಲ್ಲಿ ಸಂದಿಯ ಹೆಸರು ರೋ. ಕೋಟೆಗೋಡೆಯೊಳಗೆ ಇಕ್ಕಟ್ಟಿನಲ್ಲಿ ಬೆಳೆದ ಊರಾದ್ದರಿಂದ ಮನೆಗೆ ಮನೆ ಅಂಟಿಕೊಂಡು, ನಡುವೆ ಪೂರ್ವ ಪಶ್ಚಿಮವಾಗಿ 145 ರೋಗಳು. ಅವಕ್ಕೆ ಸ್ಥಿರವಾದ ಹೆಸರೂ ಇರಲಿಲ್ಲ. ಮೂಲೆಯ ಹೆಂಡದಂಗಡಿಯ ಹೆಸರೇ ಓಣಿಯ ಹೆಸರು, ಅಂಗಡಿ ಕೈ ಬದಲಾದರೆ ಓಣಿಯ ಹೆಸರೂ ಬದಲು. ಈ ಗೋಜಲು ಸಾಕಾಗಿ 1804ರಲ್ಲಿ ಎಲ್ಲಕ್ಕೂ ಸಂಖ್ಯೆ ಹಾಕಿಬಿಟ್ಟರು. ಆದರೂ 95ನೇ ರೋವನ್ನು ಜನ ಇನ್ನೂ ಕಿಟ್ಟಿ ವಿಚಸ್ ರೋ ಎಂದೇ ಕರೆಯುತ್ತಾರೆ. ಅದರ ಅತಿ ಕಿರಿದಾದ ಜಾಗ 27 ಇಂಚು! ಎರಡು ಅಡಿ ಮೂರು ಇಂಚು. ಎದುರಿನಿಂದ ಇನ್ನೊಬ್ಬ ಬಂದರೆ ಇಬ್ಬರಲ್ಲಿ ಒಬ್ಬ ಹಿಂದಕ್ಕೆ ನಡೆಯಲೇಬೇಕು, ಇಲ್ಲವೇ ಇಬ್ಬರೂ ಗೋಡೆಗೆ ಬೆನ್ನು ಒರೆಸಿಕೊಂಡು ಅಡ್ಡಡ್ಡ ಸರಿಯಬೇಕು.

ಇಂಥ ಜಾಗದಲ್ಲಿ ಸಾಮಾನು ಸಾಗಿಸುವುದು ಹೇಗೆ? ಊರಿನವರು ಓಣಿಯನ್ನು ಅಗಲ ಮಾಡಲಿಲ್ಲ, ಗಾಡಿಯನ್ನೇ ಓಣಿಯ ಅಳತೆಗೆ ಕಟ್ಟಿದರು. ಟ್ರೋಲ್ ಕಾರ್ಟ್ ಎಂಬ ಆ ಗಾಡಿ ಉದ್ದ, ಸಪೂರ, ನೆಲಮಟ್ಟಕ್ಕೆ ತಗ್ಗು. ಅದರ ಚಕ್ರಗಳು ನಮ್ಮ ಎತ್ತಿನಗಾಡಿಯಂತೆ ಪಕ್ಕಕ್ಕೆ ಚಾಚಿಕೊಂಡಿರದೆ ಹಲಗೆಯ ಅಡಿಗೇ ಅಡಗಿದ್ದವು. ಬೇರೆ ಊರಿನಲ್ಲಿ ಆ ಗಾಡಿಗೆ ಅರ್ಥವೇ ಇಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳು, ಆಮೇಲಿನ ಕೊಳೆಗೇರಿ ತೆರವು ಎರಡೂ ಸೇರಿ ರೋಗಳಲ್ಲಿ ಬಹುಪಾಲನ್ನು ನುಂಗಿದವು. ಉಳಿದ ಕೆಲವು ಮನೆಗಳನ್ನು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಕಾಪಾಡಿಕೊಂಡಿದೆ.

ಅಗಲದ ಪಂದ್ಯದಲ್ಲಿ ಯಾರ್ಮತ್ ಸೋಲುತ್ತದೆ ಎಂಬುದು ಬೇರೆ ಮಾತು. ಎಕ್ಸಿಟರ್ ನಗರದ ಪಾರ್ಲಿಮೆಂಟ್ ಸ್ಟ್ರೀಟ್‌ನ ಕನಿಷ್ಠ ಅಗಲ 25 ಇಂಚು. ಹೆಸರಿನಲ್ಲಿ ಸಂಸತ್ತು, ಒಳಗೆ ಹೋದರೆ ಭುಜ ಗೋಡೆಗೆ ತಾಗುತ್ತದೆ. 1832ರ ಚುನಾವಣಾ ಸುಧಾರಣೆ ಕಾಯ್ದೆಯ ಮೇಲಿನ ಸಿಟ್ಟಿಗೆ ಊರ ಹಿರಿಯರು ಬೇಕೆಂದೇ ಈ ಸಂದಿಗೆ ಸಂಸತ್ತಿನ ಹೆಸರಿಟ್ಟರೆಂದು ಹೇಳಿಕೆ. ಕಾರ್ನ್‌ವಾಲ್‌ನ ಪೋರ್ಟ್ ಐಸಾಕ್ ಎಂಬ ಮೀನುಗಾರರ ಹಳ್ಳಿಯಲ್ಲಿ ಇನ್ನೂ ಕಿರಿದಾದದ್ದೊಂದಿದೆ, ಅದರ ಹೆಸರೇ ‘ಹೊಟ್ಟೆ ಹಿಂಡುವ ಸಂದಿ’. ಊಟದ ಮುಂಚೆ ಹೋಗುವುದು ಒಳ್ಳೆಯದು. ಆದರೆ ಇವೆಲ್ಲವನ್ನೂ ಮೀರಿಸಿ ಗಿನ್ನೆಸ್ ದಾಖಲೆ ಬರೆದದ್ದು ಜರ್ಮನಿಯ ರಾಯ್ಟ್‌ಲಿಂಗನ್ ಪಟ್ಟಣದ ಬೀದಿ: 31 ಸೆಂಟಿಮೀಟರ್. ನಾವು ಶಾಲೆಗೆ ಒಯ್ಯುತ್ತಿದ್ದ ಒಂದಡಿ ಸ್ಕೇಲಿಗಿಂತ ಅರ್ಧ ಸೆಂಟಿಮೀಟರ್ ಹೆಚ್ಚು!

ಈಗ ಯಾರ್ಕ್‌ಷೈರಿಗೆ ಮರಳೋಣ, ಏಕೆಂದರೆ ಅಲ್ಲೊಂದು ಬಗೆಹರಿಯದ ಜಗಳ ಇದೆ. ಗಿನ್ನೆಲ್‌ಗೂ ಸ್ನಿಕೆಟ್‌ಗೂ ಏನು ವ್ಯತ್ಯಾಸ? ಒಬ್ಬರು ಹೇಳುತ್ತಾರೆ: ಎರಡೂ ಕಡೆ ಕಟ್ಟಡದ ಗೋಡೆಯಿದ್ದರೆ ಗಿನ್ನೆಲ್, ಬೇಲಿಯೋ ಪೊದೆಯೋ ಇದ್ದರೆ ಸ್ನಿಕೆಟ್. ಇನ್ನೊಬ್ಬರು: ಅಲ್ಲ, ಮೇಲೆ ಮುಚ್ಚಿಗೆಯಿದ್ದರೆ ಗಿನ್ನೆಲ್, ತೆರೆದಿದ್ದರೆ ಸ್ನಿಕೆಟ್. ಮೂರನೆಯವರು ಇದನ್ನು ಪೂರಾ ತಿರುಗಿಸಿ ಹೇಳುತ್ತಾರೆ. ನಾಲ್ಕನೆಯವರು, ಆ ತುದಿಯಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ ಎನ್ನುತ್ತಾರೆ. ಎಲ್ಲರೂ ಇದು ತಮ್ಮ ಅಜ್ಜಿ ಹೇಳಿದ್ದು ಎಂಬ ಅಧಿಕಾರದಿಂದ ಮಾತಾಡುತ್ತಾರೆ, ಯಾರೂ ಒಂದಿಂಚು ಸರಿಯುವುದಿಲ್ಲ. ಬಿಬಿಸಿ 2004-05ರಲ್ಲಿ ‘ವಾಯ್ಸಸ್’ ಎಂಬ ದೊಡ್ಡ ಯೋಜನೆ ಹೂಡಿ ದೇಶದ ಉದ್ದಗಲ ಜನರ ಮಾತು ಸಂಗ್ರಹಿಸಿತು. ನೀವು ಚಳಿಯನ್ನು ಏನನ್ನುತ್ತೀರಿ, ಮಳೆಯನ್ನು ಏನನ್ನುತ್ತೀರಿ ಎಂಬ ಪ್ರಶ್ನೆಗಳ ಜೊತೆ, ಕಟ್ಟಡಗಳ ಪಕ್ಕದ ಕಿರುದಾರಿಯನ್ನು ಏನನ್ನುತ್ತೀರಿ ಎಂದೂ ಕೇಳಿತು. ಇಷ್ಟು ಚಿಕ್ಕ ಜಾಗದ ಹೆಸರು ಚಳಿಮಳೆಯ ಸಾಲಿನಲ್ಲಿ ಕೂತಿತು!

ಈ ಪದಗಳನ್ನು ಹಿಡಿದಿಟ್ಟವರ ಕಥೆ ಇನ್ನೂ ರೋಮಾಂಚಕ. ಜೋಸೆಫ್ ರೈಟ್, 1855ರಲ್ಲಿ ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ಬಳಿ ಕಡುಬಡತನದಲ್ಲಿ ಹುಟ್ಟಿದವನು. ಆರನೆಯ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದ. ಮರುವರ್ಷ ಸಾಲ್ಟೇರ್‌ನ ಗಿರಣಿಯಲ್ಲಿ ನೂಲಿನ ಉರುಳೆ ಬದಲಿಸುವ ಹುಡುಗನಾದ. ಹದಿಹರೆಯಕ್ಕೆ ಬರುವವರೆಗೆ ಅವನಿಗೆ ಪತ್ರಿಕೆ ಓದಲು ಬರುತ್ತಿರಲಿಲ್ಲ. ಅಕ್ಷರ ಹತ್ತಿದ್ದೇ ತಡ, ಕಾಡ್ಗಿಚ್ಚು! ದುಡ್ಡು ಉಳಿಸಲು ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಜರ್ಮನಿಯ ಹೈಡೆಲ್‌ಬರ್ಗ್‌ವರೆಗೆ ಕಾಲ್ನಡಿಗೆಯಲ್ಲೇ ಹೋಗಿ ವಿಶ್ವವಿದ್ಯಾಲಯ ಸೇರಿದ, ಡಾಕ್ಟರೇಟ್ ಪಡೆದ, 1901ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕನಾದ. ಮುಂದೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಅವನ ಶಿಷ್ಯ. ಆ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರತಂದದ್ದೇ ‘ಇಂಗ್ಲಿಷ್ ಡಯಲೆಕ್ಟ್ ಡಿಕ್ಷನರಿ’. ಗಿನ್ನೆಲ್‌ಗಳ ನಡುವೆ ಬರಿಗೈಯಲ್ಲಿ ಬೆಳೆದ ಹುಡುಗ ಗಿನ್ನೆಲ್ ಪದಕ್ಕೆ ಆಕ್ಸ್‌ಫರ್ಡಿನಲ್ಲಿ ಆಸನ ಕೊಡಿಸಿದ. ತಾನು ಬೆಳೆದ ಊರಿನ ನುಡಿಗೆ ವ್ಯಾಕರಣ ಬರೆದವನೂ ಅವನೇ.

ಅರ್ಧ ಶತಮಾನದ ನಂತರ ಲೀಡ್ಸ್ ವಿಶ್ವವಿದ್ಯಾಲಯದ ಹೆರಲ್ಡ್ ಆರ್ಟನ್ ಈ ಕೆಲಸವನ್ನು ನಕ್ಷೆಯ ಮೇಲೆ ಇಳಿಸಿದರು. 1950ರಿಂದ 1961ರವರೆಗೆ 313 ಊರುಗಳು, ಪ್ರತಿ ಊರಿನಲ್ಲೂ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಶ್ನೆ. ಕ್ಷೇತ್ರಕಾರ್ಯ ಮಾಡುವವರಿಗೆ ಒಂದು ಕಠಿಣ ನಿಯಮವಿತ್ತು: ಬೇಕಾದ ಪದವನ್ನು ನೀವು ಬಾಯಿಬಿಟ್ಟು ಹೇಳುವಂತಿಲ್ಲ! ಹೇಳಿಬಿಟ್ಟರೆ ಎದುರಿನ ಮುದುಕ ಸೌಜನ್ಯಕ್ಕೆ ಹೂಂ ಎಂದುಬಿಡುತ್ತಾನೆ, ಅವನ ಸ್ವಂತ ಪದ ಒಳಗೇ ಉಳಿಯುತ್ತದೆ. ಆದ್ದರಿಂದ ಕೈಸನ್ನೆ, ಚಿತ್ರ, ಸುತ್ತುಬಳಸಿದ ವರ್ಣನೆ. ಹೀಗೆ ಸುತ್ತಿದವರಲ್ಲಿ ಒಬ್ಬರಾದ ಸ್ಟ್ಯಾನ್ಲಿ ಎಲ್ಲಿಸ್ ಹೆಂಡತಿಯೊಡನೆ ಕ್ಯಾರವಾನಿನಲ್ಲಿ ಬದುಕುತ್ತ ಹಳ್ಳಿಹಳ್ಳಿ ಅಲೆದರು. ಅದೇ ಎಲ್ಲಿಸ್ 1979ರಲ್ಲಿ, ಸರಣಿ ಕೊಲೆಗಾರನೆಂದು ಹೇಳಿಕೊಂಡು ಪೊಲೀಸರಿಗೆ ಕ್ಯಾಸೆಟ್ ಕಳಿಸಿದ್ದವನ ದನಿ ಕೇಳಿ, ಇವನು ಸಂಡರ್‌ಲೆಂಡ್‌ನ ಕ್ಯಾಸಲ್‌ಟೌನ್ ಕಡೆಯವನು ಎಂದು ಬೆರಳಿಟ್ಟು ತೋರಿಸಿದರು. 2005ರಲ್ಲಿ ಸಿಕ್ಕಿಬಿದ್ದ ಆ ವಂಚಕ ಸಂಡರ್‌ಲೆಂಡಿನವನೇ ಆಗಿದ್ದ! ಒಂದು ಮಾತು ಒಂದು ಊರಿನ ಯಾವ ಮೂಲೆಯದೆಂದು ಹೇಳಬಲ್ಲ ಕಿವಿಗೆ, ನೀವು ಗಿನ್ನೆಲ್ ಎನ್ನುತ್ತೀರೋ ಜೆನ್ನೆಲ್ ಎನ್ನುತ್ತೀರೋ ಎಂಬುದು ಮನೆ ವಿಳಾಸ ಕೊಟ್ಟ ಹಾಗೆಯೇ ಸರಿ.

ಇನ್ನು ಸಮಾನಾರ್ಥಕ ಪದಗಳ ದೊಡ್ಡಪ್ಪ ಪೀಟರ್ ಮಾರ್ಕ್ ರಾಜೆಟ್. ವೈದ್ಯ, ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದವನು, ಚಿಕ್ಕಂದಿನಿಂದಲೂ ಪಟ್ಟಿ ಮಾಡುವ ಗೀಳಿನವನು. ಅವನ ಥೆಸಾರಸ್ ಹೊರಬಂದದ್ದು 1852ರಲ್ಲಿ, ಅವನಿಗೆ 73 ವರ್ಷವಾಗಿದ್ದಾಗ. ಅದರ ಮುನ್ನುಡಿಯಲ್ಲೇ ಅವನು ಎಚ್ಚರಿಸಿದ್ದ: ಎಲ್ಲ ರೀತಿಯಲ್ಲೂ ಒಂದೇ ಅರ್ಥವಿರುವ ಎರಡು ಪದ ಸಿಗುವುದು ದುರ್ಲಭ ಎಂದು. ಸಮಾನಾರ್ಥಕ ಕೋಶ ಬರೆದವನೇ ಸಮಾನಾರ್ಥಕಗಳಿಲ್ಲ ಎಂದ! ಆ ಮುನ್ನುಡಿಯನ್ನು ನಮ್ಮ ಮೇಷ್ಟರು ಯಾರೂ ಓದಿಸಲಿಲ್ಲ, ಇರಲಿ.

ಹಾಗಾದರೆ ಪಾಪದ ಆ್ಯಲಿ? ಎಲ್ಲ ಊರಿಗೂ ಸಲ್ಲುವ ಈ ಸಪ್ಪೆ ಪದಕ್ಕೆ ತನ್ನದೇ ಮೆರುಗಿಲ್ಲವೇ? ಇದೆ, ಅದೂ ದುಡ್ಡಿನ ಮೆರುಗು. 1652ರಲ್ಲಿ ಲಂಡನ್ನಿನ ಮೊದಲ ಕಾಫಿ ಅಂಗಡಿಯನ್ನು ಪಾಸ್ಕ್ವಾ ರೋಸೆ ತೆರೆದದ್ದು ಸೇಂಟ್ ಮೈಕಲ್ಸ್ ಆ್ಯಲಿಯಲ್ಲಿ. ನಾಲ್ಕು ಹೆಜ್ಜೆ ಆಚೆ ಚೇಂಜ್ ಆ್ಯಲಿ. 17ನೇ ಶತಮಾನದ ಕೊನೆಯಲ್ಲಿ ಗದ್ದಲ ಜಾಸ್ತಿಯಾಯಿತೆಂದು ಲಂಡನ್ನಿನ ರಾಯಲ್ ಎಕ್ಸ್‌ಚೇಂಜ್‌ನಿಂದ ಹೊರಬಿದ್ದ ಷೇರು ದಲ್ಲಾಳಿಗಳು ಅಲ್ಲಿನ ಜೊನಾಥನ್ಸ್ ಕಾಫಿಹೌಸ್‌ನಲ್ಲಿ ಠಿಕಾಣಿ ಹೂಡಿದರು. ಲಂಡನ್ ಷೇರುಪೇಟೆ ಮೊಳೆತದ್ದು ಆ ಸಂದಿಯಲ್ಲಿ, 1720ರಲ್ಲಿ ಸೌತ್ ಸೀ ಕಂಪನಿಯ ಷೇರು ಬೆಲೆಯ ಗುಳ್ಳೆ ಉಬ್ಬಿ ಒಡೆದದ್ದೂ ಅಲ್ಲೇ. ಆಗಿನ ಲಂಡನ್ನಿಗರು ಬರೀ ‘ಆ್ಯಲಿ’ ಎಂದರೂ ಸಾಕಿತ್ತು, ಷೇರುಪೇಟೆ ಎಂದು ಅರ್ಥವಾಗುತ್ತಿತ್ತು.

ದಿನಬಳಕೆಗೆ ಬನ್ನಿ, ಅಲ್ಲೂ ಅಟ್ಲಾಂಟಿಕ್ ಅಡ್ಡ ಬರುತ್ತದೆ. ತನಗೆ ಹೇಳಿ ಮಾಡಿಸಿದ ಕೆಲಸ ಸಿಕ್ಕರೆ ಅಮೆರಿಕದವನು ಇದು ನನ್ನ ಆ್ಯಲಿಯದು ಎನ್ನುತ್ತಾನೆ, ಬ್ರಿಟನ್ನಿನವನು ಇದು ನನ್ನ ಸ್ಟ್ರೀಟಿನದು ಎನ್ನುತ್ತಾನೆ. ದಾರಿ ಕಾಣದೆ ನಿಂತ ತನಿಖೆ ಬ್ಲೈಂಡ್ ಆ್ಯಲಿ. ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಜಾಗ ಬೌಲಿಂಗ್ ಆ್ಯಲಿ. ನ್ಯೂಯಾರ್ಕಿನ 28ನೇ ಬೀದಿಯಲ್ಲಿ ಸಂಗೀತ ಪ್ರಕಾಶಕರ ಪಿಯಾನೊಗಳೆಲ್ಲ ಏಕಕಾಲಕ್ಕೆ ಮೊಳಗುತ್ತಿದ್ದ ತಾಣ ಟಿನ್ ಪ್ಯಾನ್ ಆ್ಯಲಿ. ಹ್ಯಾರಿ ಪಾಟರ್ ಮಂತ್ರದಂಡ ಕೊಂಡದ್ದು ಡಯಗನ್ ಆ್ಯಲಿಯಲ್ಲಿ. ಗಟ್ಟಿಯಾಗಿ ಉಚ್ಚರಿಸಿ ನೋಡಿ, ‘ಓರೆಯಾಗಿ’ ಎಂಬ ಇಂಗ್ಲಿಷ್ ಪದ ಅದರೊಳಗಿಂದ ಇಣುಕುತ್ತದೆ. ಮತ್ತೆ ಮಕ್ಕಳ ಗೋಲಿಗೂ ಆ್ಯಲಿ ಎಂದೇ ಹೆಸರು! ಇದಕ್ಕೂ ಓಣಿಗೂ ನಂಟಿಲ್ಲ, ಅಲಬಾಸ್ಟರ್ ಎಂಬ ನುಣುಪು ಕಲ್ಲಿನ ಹೆಸರು ಕತ್ತರಿಸಿ ಉಳಿದದ್ದು. ಆ್ಯಲಿಯಲ್ಲಿ ಆ್ಯಲಿ ಆಡಿದ ಹುಡುಗರು ಎಷ್ಟು ಲಕ್ಷವೋ.

ನಮ್ಮ ಗಲ್ಲಿಗೂ ಇಂಥದೇ ಒಂದು ಜೋಡಿಯಿದೆ. ಸ್ಲಿಪ್ ಮತ್ತು ಪಾಯಿಂಟ್ ನಡುವೆ ಬಗ್ಗಿ ನಿಲ್ಲುವ ಕ್ಷೇತ್ರರಕ್ಷಕನ ಜಾಗಕ್ಕೆ ಕ್ರಿಕೆಟ್ಟಿನಲ್ಲಿ ಗಲ್ಲಿ ಎನ್ನುತ್ತಾರಲ್ಲ, ಅದು ಇಂಗ್ಲಿಷಿನದು, ಗಂಟಲು ಎಂಬರ್ಥದ ಪದದ ವಂಶದ್ದು. ನಾವು ಪ್ಲಾಸ್ಟಿಕ್ ಬಾಲಿನಲ್ಲಿ ಆಡುವ ಗಲ್ಲಿ ಕ್ರಿಕೆಟ್ಟಿನ ಗಲ್ಲಿ ನಮ್ಮದೇ. ಬೇರೆ ಬೇರೆ ಬೇರು, ಆದರೆ ಎರಡೂ ಇಕ್ಕಟ್ಟಿನವು, ಎರಡೂ ಈಗ ಒಂದೇ ಆಟದಲ್ಲಿ!

ಇದೆಲ್ಲ ಹಳೆಯ ಕಾಲದ ಸೃಷ್ಟಿ, ಈಗ ಮುಗಿಯಿತು ಎನ್ನುವವರು ಯಾರ್ಕ್ ನಗರಕ್ಕೆ ಹೋಗಬೇಕು. 1983ರಲ್ಲಿ ಮಾರ್ಕ್ ಜೋನ್ಸ್ ಎಂಬ ಲೇಖಕ ಆ ಊರಿನ ಸಂದಿಗಳ ನಡಿಗೆಗೆಂದು ಒಂದು ಪುಟ್ಟ ಪುಸ್ತಕ ಬರೆದರು. ಸ್ನಿಕೆಟ್, ಗಿನ್ನೆಲ್, ಆ್ಯಲಿವೇ ಮೂರನ್ನೂ ಕಲಸಿ ತಾವೇ ಒಂದು ಪದ ಹುಟ್ಟಿಸಿದರು: ಸ್ನಿಕಲ್‌ವೇ. ಹೊಸ ಪದ, ಆದರೆ ಇವತ್ತು ಯಾರ್ಕಿನಲ್ಲಿ ಪ್ರವಾಸಿ ಮಾರ್ಗದರ್ಶಿಯಿಂದ ಹಿಡಿದು ಎಲ್ಲರೂ ಅದನ್ನು ಮಧ್ಯಯುಗದಿಂದ ಬಂದದ್ದೇನೋ ಎಂಬಷ್ಟು ಸಲೀಸಾಗಿ ಆಡುತ್ತಾರೆ.

ಮತ್ತೆ ನಮ್ಮದೂ ಒಂದು ಕೊಡುಗೆಯಿದೆ, ಇಂಗ್ಲೆಂಡಿನವರಿಗೇ ಗೊತ್ತಿಲ್ಲದ್ದು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದ ಯಾರನ್ನಾದರೂ ಕೇಳಿ, ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವಿನ ಸಂದಿಗೆ ಅವರು ಕೊಡುವ ಹೆಸರು ಕನ್ಸರ್ವೆನ್ಸಿ. ಇಂಗ್ಲಿಷ್ ಪದ, ಆದರೆ ಇಂಗ್ಲೆಂಡಿನಲ್ಲಿ ಕನ್ಸರ್ವೆನ್ಸಿ ಎಂದರೆ ನದಿ ಕಾಯುವ ಮಂಡಳಿ. 1857ರಲ್ಲಿ ಹುಟ್ಟಿದ ಥೇಮ್ಸ್ ಕನ್ಸರ್ವೆನ್ಸಿಯ ಹಾಗೆ. ಇಲ್ಲಿ ಆ ಪದ ನಗರ ನೈರ್ಮಲ್ಯದ ಇಲಾಖೆಯ ಹೆಸರಾಗಿ, ಅಲ್ಲಿಂದ ಜಾರಿ ಹಿಂದಿನ ಓಣಿಯ ಹೆಸರಾಯಿತು. ಆ ಓಣಿ ಇದ್ದದ್ದು ಯಾಕೆ ಎಂಬುದು ಮೋಜಿನ ಕಥೆಯಲ್ಲ. ಹಿತ್ತಿಲ ಕೊನೆಯ ಒಣ ಪಾಯಿಖಾನೆಯಿಂದ ಮಲ ಎತ್ತಿ ಒಯ್ಯುವವರು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು ಎಂದು ಅವರಿಗಾಗಿ ಬೇರೆಯೇ ದಾರಿ ಬಿಟ್ಟಿದ್ದರು. ಜಾತಿಯನ್ನು ನಕ್ಷೆಯಲ್ಲಿ ಗೆರೆ ಹಾಕಿ ಕಟ್ಟಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ರಾಜ್ಯದಲ್ಲಿ ಮಲ ಹೊರುವ ಪದ್ಧತಿಗೆ ನಿಷೇಧ ಬಂತು. ಹಿಂಬಾಗಿಲುಗಳಿಗೆ ಇಟ್ಟಿಗೆ ಮುಚ್ಚಿದರು, ಓಣಿ ಮಾತ್ರ ಉಳಿಯಿತು. ಕೆಲವು ಕಡೆ ಮನೆಗಳು ಅದನ್ನು ಎರಡೂ ಕಡೆಯಿಂದ ನುಂಗಿವೆ, ಕೆಲವು ಕಡೆ ಒಳಚರಂಡಿಯ ಮುಚ್ಚಳ, ನುಗ್ಗೆಮರ, ಕೆಟ್ಟುನಿಂತ ಸ್ಕೂಟರು. ಬಾಲು ಹಿತ್ತಿಲ ಗೋಡೆ ದಾಟಿದರೆ ತರುವುದು ಕಷ್ಟವೆಂದು ಹುಡುಗರು ತಮ್ಮ ಆಟಕ್ಕೊಂದು ಕಾನೂನು ಮಾಡಿಕೊಂಡಿದ್ದಾರೆ: ಕನ್ಸರ್ವೆನ್ಸಿಗೆ ಹೊಡೆದರೆ ಔಟ್, ಮತ್ತು ಹೊಡೆದವನೇ ಹೋಗಿ ತರಬೇಕು.